ಮೊಲದ ಮರಿಗಳು ಕಣ್ಣು ಬಿಡುವವರೆಗೆ ಚಿರತೆ ಬೋನು ಎತ್ತದಿರುವ ಬಗ್ಗೆ

ಇಂದ:
ನಯನಾ, ತಂದೆ ಹನುಮಂತಯ್ಯ,
ವಯಸ್ಸು ಇಪ್ಪತ್ತೊಂದು, ಉದ್ಯೋಗ: ರೇಷ್ಮೆ ಹುಳು ಮನೆ ಕೆಲಸ ಮತ್ತು ಮೊಲ ನೋಡಿಕೊಳ್ಳುವುದು,
ಬಾಳೆಕಟ್ಟೆದೊಡ್ಡಿ, ಗುಡೇಮಾರನಹಳ್ಳಿ ಅಂಚೆ, ಮಾಗಡಿ ತಾಲ್ಲೂಕು.

ಗೆ:
ಚಿರತೆ ಬೋನುಗಳ ಉಸ್ತುವಾರಿ ಸಾಹೇಬರು, ಅರಣ್ಯ ಕಚೇರಿ.
(ಹೆಸರು ತಿಳಿದಿಲ್ಲ. ಆವತ್ತು ಜೀಪಿನ ಮುಂದಿನ ಸೀಟಿನಲ್ಲಿ ಕೂತಿದ್ದ, ಕನ್ನಡಕದವರು.)

ವಿಷಯ: ಬಾಳೆಕಟ್ಟೆದೊಡ್ಡಿ ಹುಣಸೆಮರದ ಕೆಳಗಿನ ಬೋನನ್ನು ದಿನಾಂಕ 31-01-2026ರವರೆಗೆ ಇದ್ದಲ್ಲಿಯೇ ಇರಲು ಬಿಡುವಂತೆ ಕೋರಿ.

ಉಲ್ಲೇಖ:
1. ಸದರಿ ಬೋನನ್ನು ಕೂಡಲೇ ತೆರವುಗೊಳಿಸಬೇಕೆಂದು ಗ್ರಾಮ ಪಂಚಾಯಿತಿ ಸದಸ್ಯರಾದ ಶ್ರೀ ದಾಸಪ್ಪನವರು ಕೊಟ್ಟಿರುವ ಮನವಿ.
2. ಸೋಮವಾರ ಟ್ರ್ಯಾಕ್ಟರ್ ಬರುತ್ತದೆಂದು ತಮ್ಮ ವಾಚರ್ ಶ್ರೀ ಗೌಸ್ ಅವರು ಬಾಯಿಮಾತಿನಲ್ಲಿ ತಿಳಿಸಿದ್ದು.
3. ಇದೇ ವಿಷಯವಾಗಿ ಅರ್ಜಿದಾರಳು ತಮ್ಮ ಎದುರು ನಿಂತು ಹೇಳಬೇಕೆಂದಿದ್ದ, ಆದರೆ ಬಾಯಿಂದ ಹೊರಡದ ಮನವಿ.

ಮಾನ್ಯರೇ,

ಅರಿಕೆ ಏನೆಂದರೆ, ಮೇಲ್ಕಂಡ ಬೋನಿನ ಹಿಂಭಾಗದಲ್ಲಿ ಅರ್ಜಿದಾರಳ ಎರಡು ಮೊಲಗಳು ವಾಸವಾಗಿರುತ್ತವೆ. ಅವುಗಳಲ್ಲಿ ಹೆಣ್ಣು ಮೊಲವು ದಿನ ತುಂಬಿದ ಬಸುರಿಯಾಗಿದ್ದು, ಇವತ್ತೋ ನಾಳೆಯೋ ಎಂಬಂತಿದೆ. ಸೋಮವಾರ ಬೋನು ಹೋದರೆ ಹುಟ್ಟುವ ಮರಿಗಳು ಬದುಕುವುದಿಲ್ಲ. ಇದಿಷ್ಟೇ ವಿಷಯ. ಉಳಿದದ್ದೆಲ್ಲ ಕಾರಣಗಳು. ಅರ್ಜಿಯಲ್ಲಿ ‘ನಾನು’ ಎಂದು ಬರೆಯದೆ ‘ಅರ್ಜಿದಾರಳು’ ಎಂದೇ ಬರೆಯಬೇಕೆಂದು ಗೌಸ್ ಅವರು ಹೇಳಿಕೊಟ್ಟಿದ್ದಾರೆ. ಅರ್ಜಿದಾರಳಿಗೂ ಹಾಗೆಯೇ ಅನುಕೂಲ.

1. ಅರ್ಜಿದಾರಳು ಎಂಟನೇ ತರಗತಿವರೆಗೆ ವ್ಯಾಸಂಗ ಮಾಡಿ ಹಾಜರಿ ಕೊರತೆಯಿಂದ ಶಾಲೆ ಬಿಟ್ಟಿರುತ್ತಾಳೆ. ಆದರೆ ಒಂದು ದಿನವೂ ಶಾಲೆ ತಪ್ಪಿಸಿದವಳಲ್ಲ. ಮೇಷ್ಟ್ರು ಪುಸ್ತಕದಿಂದ ತಲೆ ಎತ್ತದೆ ಹೆಸರು ಕೂಗುವಾಗ ‘ಎಸ್ ಸಾರ್’ ಎಂಬ ಮಾತು ಹೊಟ್ಟೆಯಿಂದ ಹೊರಟು ಗಂಟಲವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಏಳನೇ ತರಗತಿವರೆಗೆ ಪಕ್ಕದಲ್ಲಿ ಕೂರುತ್ತಿದ್ದ ಇಸ್ಮತ್ ಎಂಬ ಗೆಳತಿಯು ತನ್ನದನ್ನು ದಪ್ಪ ದನಿಯಲ್ಲಿಯೂ ಅರ್ಜಿದಾರಳದನ್ನು ಸಣ್ಣ ದನಿಯಲ್ಲಿಯೂ ಹೇಳಿ ಇಬ್ಬರ ಹಾಜರಿಯನ್ನೂ ನಿಭಾಯಿಸುತ್ತಿದ್ದಳು. ಎಂಟನೇ ತರಗತಿಗೆ ಇಸ್ಮತ್ ಮನೆಯವರು ಚನ್ನಪಟ್ಟಣಕ್ಕೆ ಹೊರಟುಹೋದರು. ಆ ವರ್ಷ ಅರ್ಜಿದಾರಳು ಮೂರನೇ ಬೆಂಚಿನಲ್ಲಿ ಕೂತುಕೊಂಡೇ ನೂರ ಎಂಬತ್ತು ದಿನ ಗೈರುಹಾಜರಾದಳು. ಅಪ್ಪ ಹೋಗಿ ಕೇಳಿದಾಗ ಮೇಷ್ಟ್ರು ಪುಸ್ತಕ ತೆರೆದು ತೋರಿಸಿದರು. ಅಪ್ಪ ಪುಸ್ತಕ ನಂಬಿದರು. ಈ ಸಂಗತಿಗೂ ಬೋನಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ಎಂಟನೇ ಅಂಶದಲ್ಲಿ ಬರುತ್ತದೆ.

2. ಇಸ್ಮತ್ ಈಗ ಚನ್ನಪಟ್ಟಣದಲ್ಲಿ ಅವಳ ಚಿಕ್ಕಪ್ಪನ ಕಾರ್ಖಾನೆಯಲ್ಲಿ ಗಿರಗಿರ ತಿರುಗುವ ಲೇತಿನ ಮೇಲೆ ಮರದ ಬೊಂಬೆ ಕಡೆಯುತ್ತಾಳೆ. ಎರಡು ವರ್ಷದ ಹಿಂದೆ ಅವಳನ್ನು ನೋಡಲು ಹೋದಾಗ ಬೊಂಬೆ ತುಂಬುವ ರಟ್ಟಿನ ಪೆಟ್ಟಿಗೆಗೆ ತೂತು ಹೊಡೆದು, ಒಳಗೆ ಎರಡು ಬಿಳಿ ಮೊಲ ಕೂರಿಸಿ ಕೊಟ್ಟಳು. “ನಿನ್ ತರಾನೇ ಕಣೇ, ಬಾಯೇ ಬಿಡಲ್ಲ. ಮೂರೂ ಜನ ಚೆನ್ನಾಗಿರಿ” ಎಂದಳು.

ಅವಳು ಹೇಳಿದ್ದು ನಿಜ. ಹಸಿದರೆ ಕುರಿ ಅರಚುತ್ತದೆ. ಕೋಳಿಯಂತೂ ಒಂದು ಮೊಟ್ಟೆ ಇಟ್ಟ ಸುದ್ದಿಯನ್ನು ಊರಿಗೆಲ್ಲ ಸಾರುತ್ತದೆ. ಮೊಲ ಮಾತ್ರ ಬೆಕ್ಕು ಬಂದರೂ, ಚಳಿಗೆ ಸೆಟೆದರೂ ಸುಮ್ಮನೇ ಇರುತ್ತದೆ. ಅದಕ್ಕೆ ಏನಾಗಿದೆ ಎಂದು ತಿಳಿಯಬೇಕಾದರೆ ಅದರ ಮುಖ ನೋಡುತ್ತಾ ಇರಬೇಕು, ಕಿವಿ ಯಾವ ಕಡೆಗಿದೆ ಎಂದು ನೋಡಬೇಕು, ಮೂಗು ಎಷ್ಟು ಬೇಗ ಆಡುತ್ತಿದೆ ಎಂದು ನೋಡಬೇಕು. ಅರ್ಜಿದಾರಳಿಗೆ ಮಾತು ಬರುವುದಿಲ್ಲವೇ ಹೊರತು ಈ ಕೆಲಸ ಬರುತ್ತದೆ.

3. ಮೊಲಗಳಿಗೆ ಹಿತ್ತಿಲಿನಲ್ಲಿ ಗೂಡು ಮಾಡಲಾಯಿತು. ಮೊದಲು ಇರುವೆ ಬಂದವು. ಹುಳು ಮನೆಯಲ್ಲಿ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡುವುದು ನಮ್ಮ ಕಡೆಯ ಪದ್ಧತಿ, ಇರುವೆ ಹತ್ತಬಾರದೆಂದು. ಅರ್ಜಿದಾರಳು ಗೂಡಿನ ನಾಲ್ಕು ಕಾಲಿಗೂ ಹಾಗೆಯೇ ಮಾಡಿದಳು. ಆ ನೀರು ಕುಡಿಯಲು ಪಕ್ಕದ ಮನೆಯ ಬೆಕ್ಕು ಬಂತು. ನೀರು ಕುಡಿದು ತಲೆ ಎತ್ತಿದಾಗ ಮೊಲ ಕಂಡಿತು. ಬೆಕ್ಕು ತಡೆಯಲು ರೇಷ್ಮೆ ಹುಳುವಿಗೆ ಕಾಟ ಕೊಡುವ ಊಜಿ ನೊಣ ಬಾರದಂತೆ ಕಟ್ಟುವ ಹಳೆಯ ಪರದೆ ಕಟ್ಟಲಾಯಿತು. ಬೆಕ್ಕು ಪರದೆಯ ಮೇಲೆ ಮಲಗಿ ಉಯ್ಯಾಲೆ ಆಡಿತು. ತಂತಿ ಬಲೆ ಹಾಕಲಾಯಿತು. ಮುಂಗುಸಿ ಕೆಳಗಿನಿಂದ ನೆಲ ಬಗೆಯಿತು. ಕೆಳಗೆ ಚಪ್ಪಡಿ ಹಾಸಲಾಯಿತು. ಚಪ್ಪಡಿಯ ಸಂದಿಯಲ್ಲಿ ಕೇರೆಹಾವು ಸಂಸಾರ ಹೂಡಿತು. ಹೀಗೆ ಒಂದಕ್ಕೆ ಬಾಗಿಲು ಹಾಕಿದರೆ ಇನ್ನೊಂದಕ್ಕೆ ಕಿಟಕಿ ತೆಗೆದಂತಾಗಿ, ಕೊನೆಗೆ ಕಾವಲಿಗೆಂದು ಅಪ್ಪ ಕೆಂಚ ಎಂಬ ನಾಯಿಮರಿಯನ್ನು ತಂದರು. ಕೆಂಚ ಬೆಕ್ಕು, ಮುಂಗುಸಿ, ಹಾವು ಮೂರನ್ನೂ ಓಡಿಸಿತು. ಓಡಿಸಿ ಬಂದು ಗೂಡಿನ ಮುಂದೆ ಕೂತು ಮೊಲಗಳನ್ನು ನೋಡುತ್ತಾ ಜೊಲ್ಲು ಸುರಿಸುತ್ತಿತ್ತು. ಆದರೂ ಒಳ್ಳೆಯ ನಾಯಿ.

4. ಇಷ್ಟು ಮಾಡಿದ ಮೇಲೂ ಕಳೆದ ವರ್ಷ ಜನವರಿ ತಿಂಗಳಲ್ಲಿ ಹುಟ್ಟಿದ ನಾಲ್ಕು ಮರಿಗಳು ಉಳಿಯಲಿಲ್ಲ. ಅವನ್ನು ಯಾವ ಪ್ರಾಣಿಯೂ ಮುಟ್ಟಲಿಲ್ಲ. ಮಾಗಡಿ ಕಡೆಯ ಮಾಗಿ ಚಳಿ ತಮಗೆ ತಿಳಿದದ್ದೇ. ಮೂರನೇ ದಿನ ಬೆಳಿಗ್ಗೆ ಸೊಪ್ಪು ಹಾಕಲು ಹೋದಾಗ ನಾಲ್ಕೂ ಒಂದರ ಹೊಟ್ಟೆಗೆ ಒಂದು ಅಂಟಿಕೊಂಡು ಸೆಟೆದಿದ್ದವು. ಮೊಲದ ಮರಿ ಹುಟ್ಟುವಾಗ ಮೈಮೇಲೆ ಒಂದು ಕೂದಲೂ ಇರುವುದಿಲ್ಲ. ಕಣ್ಣು ತೆರೆಯಲು ಹನ್ನೆರಡು ದಿನ ಬೇಕು. ಆ ನಾಲ್ಕಕ್ಕೂ ಬೆಳಕು ಎಂದರೆ ಏನೆಂದು ಗೊತ್ತಾಗಲಿಲ್ಲ.

ಅದೇ ಹೊತ್ತಿನಲ್ಲಿ ಗೂಡಿನಿಂದ ಹತ್ತು ಹೆಜ್ಜೆಯಾಚೆ ಹುಳು ಮನೆಯಲ್ಲಿ ಹೀಟರ್ ಉರಿಯುತ್ತಿತ್ತು. ಗೋಡೆಯ ಮೇಲಿನ ಮಾಪಕದಲ್ಲಿ ಇಪ್ಪತ್ತೈದು ಡಿಗ್ರಿ ತೋರಿಸುತ್ತಿತ್ತು.

5. ಹಾಗಾದರೆ ಹುಳು ಮನೆಯಲ್ಲಿಯೇ ಇಡಬಹುದಿತ್ತಲ್ಲ ಎಂದು ತಾವು ಕೇಳಬಹುದು. ಇಡುವಂತಿಲ್ಲ. ಹುಳು ಮನೆಗೆ ಮನುಷ್ಯರೇ ಕಾಲು ತೊಳೆದು ಹೋಗಬೇಕು. ಪ್ರಾಣಿ ಹೊಕ್ಕರೆ ಹುಳುವಿಗೆ ರೋಗ ತಗುಲೀತೆಂದು ಅಪ್ಪನ ಭಯ. ಬೆಳೆ ಹೋದರೆ ಎಲ್ಲವೂ ಹೋದಂತೆ. ಅಪ್ಪ ಹೇಳುವುದು ನ್ಯಾಯವೇ ಆದ್ದರಿಂದ ಈ ಬಗ್ಗೆ ಅರ್ಜಿದಾರಳ ತಕರಾರಿಲ್ಲ.

ಇನ್ನು ವಾಸದ ಮನೆ. ಅರ್ಜಿದಾರಳು ಗೂಡನ್ನು ಎತ್ತಿಕೊಂಡು ಹೊಸಿಲ ಬಳಿ ನಿಂತಾಗ, ಅಜ್ಜಿ ಅಂಕಮ್ಮನವರು ಒಳಗಿನಿಂದಲೇ ನೋಡಿ ವಿಷಯ ಗ್ರಹಿಸಿದರು.

“ಬ್ಯಾಡ ಕಣ್ ಮಗಾ. ಮೊಲ ಅಡ್ಡ ಬಂದ್ರೆ ಹೋದ ಕೆಲ್ಸ ಆಗಕಿಲ್ಲ. ಕಾಡಲ್ಲಿರೋ ಮೊಲ ವರ್ಸಕ್ ಒಂದ್ ಸಲ ಅಡ್ಡ ಬತ್ತದೆ. ಇದ್ನ ಮನೆವೊಳಗೆ ಇಟ್ಕೊಂಡ್ರೆ ದಿನಕ್ ನೂರ್ ಸಲ ಅಡ್ಡ ಬತ್ತದೆ. ನಾನು ಬಚ್ಚಲಿಗೂ ಹೋಗಂಗಿಲ್ವಾ?”

ಆದ ಕಾರಣ ಮೊಲಗಳು ಹೊರಗೇ ಉಳಿದವು.

6. ಕಳೆದ ನವೆಂಬರ್ ಕೊನೆಯಲ್ಲಿ ಊರಿಗೆ ಚಿರತೆ ಬಂತು. ಒಂದು ವಾರದಲ್ಲಿ ಆರು ನಾಯಿ ಹೋದವು. ಆರನೆಯದು ಕೆಂಚ. ಬೆಳಿಗ್ಗೆ ಎದ್ದಾಗ ಗೂಡಿನ ಮುಂದೆ ಸರಪಳಿ ಮಾತ್ರ ಇತ್ತು. ಮೊಲಗಳು ಸರಪಳಿಯನ್ನೇ ನೋಡುತ್ತಿದ್ದವು. ಅವತ್ತು ಮಧ್ಯಾಹ್ನವೇ ಬೆಕ್ಕು ವಾಪಸು ಬಂತು.

ಊರವರು ಕೂಗಾಡಿದ ಮೇಲೆ ಡಿಸೆಂಬರ್ ಐದನೇ ತಾರೀಕು ತಮ್ಮ ಬೋನು ಬಂತು. ಹುಣಸೆಮರದ ಕೆಳಗೆ ಇಳಿಸಿ, ಮೂರು ಕಡೆ ಗೋಣಿತಾಟು ಸುತ್ತಿ, ಮೇಲೆ ಹೊಂಗೆ ಸೊಪ್ಪು ಹೊದಿಸಿದರು. ವಾಚರ್ ಗೌಸ್ ಅವರು ಊರ ಜನರನ್ನು ಕೇಳಿದರು: “ಹಿಂದ್ಗಡೆ ಖಾನೆಗೆ ಏನಾರ ಜೀವ ಬಿಡ್ಬೇಕು. ನಾಯಿ ಐತಾ?”

ಅದಕ್ಕೆ ಶ್ರೀ ದಾಸಪ್ಪನವರು (ಉಲ್ಲೇಖ 1ರ ಮನವಿದಾರರು, ಅರ್ಜಿದಾರಳಿಗೆ ದೊಡ್ಡಪ್ಪನ ವರಸೆ) ಉತ್ತರ ಕೊಟ್ಟರು: “ನಾಯಿ ಇದ್ದಿದ್ರೆ ನಿಮ್ಮನ್ ಯಾಕಪ್ಪಾ ಕರೀತಿದ್ವಿ? ಊರ ನಾಯೆಲ್ಲ ಚಿರತೆ ಹೊಟ್ಟೇಲವೆ.”

“ಹಂಗಾರೆ ಕುರೀನೋ, ಮೇಕೇನೋ?”

“ಕುರಿ ಯಾರ್ ಕೊಟ್ಟಾರು? ನಮ್ ಹನುಮಂತನ ಮಗಳು ಮೊಲ ಸಾಕವ್ಳಲ್ಲ, ಅವನ್ನೇ ಬಿಡಿ. ಆ ಮಗ ಬ್ಯಾಡ ಅನ್ನಕಿಲ್ಲ.”

ಎಲ್ಲರೂ ಅರ್ಜಿದಾರಳ ಕಡೆ ತಿರುಗಿದರು. ಅರ್ಜಿದಾರಳು ಬೇಡ ಎನ್ನಲಿಲ್ಲ. ಎನ್ನಲಿಲ್ಲ ಎಂಬುದಷ್ಟೇ ಸತ್ಯ ಎಂದು ತಾವು ದಾಖಲೆಯಲ್ಲಿ ಬರೆದುಕೊಳ್ಳಬೇಕು.

ಗೂಡು ಹೊತ್ತು ತಂದಾಗ ಗೌಸ್ ಅವರು ಅರ್ಜಿದಾರಳ ಮುಖ ನೋಡಿ, “ಅಳ್ಬ್ಯಾಡ ನಯನಮ್ಮ. ಮಧ್ಯೆ ಕಂಬಿ ಐತೆ, ಕಂಬಿ ಹಿಂದೆ ಬಲೆ ಐತೆ. ಚಿರತೆ ನೋಡ್ಬೋದು, ಮೂಸ್ಬೋದು, ಅಷ್ಟೇಯ. ಮದ್ವೆ ಮನೇಲಿ ಕೊನೇ ಪಂಕ್ತಿಗೆ ಕಾಯೋರ್ ತರ” ಎಂದರು.

7. ಮೊದಲ ಎರಡು ದಿನ ಅರ್ಜಿದಾರಳು ಊಟ ಬಿಟ್ಟಳು. ಮೂರನೇ ದಿನ ನೋಡತೊಡಗಿದಳು. ನೋಡಲಾಗಿ ಕಂಡುಬಂದದ್ದೇನೆಂದರೆ:

ಬೋನಿನ ಹತ್ತಿರ ಬೆಕ್ಕು ಬರುವುದಿಲ್ಲ. ಬೇರೆ ಯಾವುದೋ ಕಾಡಿನಲ್ಲಿ, ಬೇರೆ ಯಾವುದೋ ಚಿರತೆ ಅದರೊಳಗೆ ಹೆದರಿ ಉಚ್ಚೆ ಹೊಯ್ದ ವಾಸನೆ ಇನ್ನೂ ಇದೆ. ಮುಂಗುಸಿಯೂ ದೂರದಿಂದಲೇ ಮೂಗೆತ್ತಿ ನೋಡಿ ವಾಪಸು ಹೋಗುತ್ತದೆ. ಕೆಳಗೆ ಕಬ್ಬಿಣದ ತಗಡಿರುವುದರಿಂದ ಬಗೆಯಲು ಆಗುವುದಿಲ್ಲ. ಚಿರತೆಗೆ ಕಾಣಬಾರದೆಂದು ತಾವು ಸುತ್ತಿರುವ ಗೋಣಿತಾಟು ಬಡಗಣ ಗಾಳಿಯನ್ನು ಒಂದು ಚೂರೂ ಒಳಗೆ ಬಿಡುವುದಿಲ್ಲ. ಅರ್ಜಿದಾರಳು ಗೌಸ್ ಅವರ ಅನುಮತಿ ಪಡೆದು, ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆ ಇದೆಯಲ್ಲ, ಅದರ ಹಳೆಯದೊಂದನ್ನು ಒಳಬದಿಗೆ ಒರಗಿಸಿದಳು. ಅಜ್ಜಿಯ ಹಳೆಯ ಸೀರೆಯನ್ನೂ ಹಾಸಿದಳು. ಹುಳು ಮನೆಯ ಮಾಪಕವನ್ನು ದಿನವೂ ಬೆಳಿಗ್ಗೆ ಅಪ್ಪನಿಗೆ ಹೇಳದೆ ತಂದು ಇಟ್ಟು ನೋಡತೊಡಗಿದಳು. ಮೊದಲ ದಿನವೇ ಹೊರಗೆ ಹದಿನಾಲ್ಕು, ಬೋನಿನೊಳಗೆ ಇಪ್ಪತ್ತೊಂದು.

ಹದಿಮೂರನೇ ತಾರೀಕು ಚಿರತೆ ನಿಜವಾಗಿಯೂ ಬಂತು. ಬೆಳಿಗ್ಗೆ ಬೋನಿನ ಸುತ್ತ ಎರಡು ಸುತ್ತು ಹೆಜ್ಜೆ ಇದ್ದವು, ಗೋಣಿತಾಟಿನ ಮೇಲೆ ಒಂದು ಕಡೆ ಪರಚಿದ ಗುರುತಿತ್ತು. ಅರ್ಜಿದಾರಳು ತಾಟು ಸರಿಸಿ ನೋಡಿದಳು. ಎರಡೂ ಮೊಲಗಳು ಹಿಪ್ಪುನೇರಳೆ ಸೊಪ್ಪಿನ ಒಂದೇ ಕಡ್ಡಿಯನ್ನು ಆ ತುದಿ ಈ ತುದಿಯಿಂದ ತಿನ್ನುತ್ತಿದ್ದವು.

ಮಾನ್ಯರೇ, ಚಿರತೆ ಹಿಡಿಯುವ ಕೆಲಸದಲ್ಲಿ ತಮ್ಮ ಬೋನು ಹೇಗೋ ಅರ್ಜಿದಾರಳಿಗೆ ತಿಳಿಯದು. ಮೊಲ ಕಾಯುವ ಕೆಲಸದಲ್ಲಿ ಅದಕ್ಕಿಂತ ಒಳ್ಳೆಯ ಬೋನು ಈ ತಾಲ್ಲೂಕಿನಲ್ಲಿಲ್ಲ. ಅದನ್ನು ಮಾಡಿದವರು ಯಾರೇ ಆಗಲಿ, ಅವರ ಕೈಗೆ ನಮಸ್ಕಾರ.

8. ಡಿಸೆಂಬರ್ ಇಪ್ಪತ್ತನೇ ತಾರೀಕಿನ ಘಟನೆಯ ಬಗ್ಗೆ ತಮಗೆ ಮಾಹಿತಿ ಇದೆ. ಆದರೆ ಅದು ಹೇಗಾಯಿತೆಂದು ಯಾರೂ ತಮಗೆ ಸರಿಯಾಗಿ ಹೇಳಿಲ್ಲ.

ಬೆಳಿಗ್ಗೆ ಆರೂವರೆ. ಅರ್ಜಿದಾರಳು ಹುಳು ಮನೆಯ ಕಿಟಕಿಯ ಪಕ್ಕ ಸೊಪ್ಪು ಹೆಚ್ಚುತ್ತಿದ್ದಾಗ, ದಾಸಪ್ಪನವರು ಮುಚ್ಚಳದ ಬುಟ್ಟಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಹುಣಸೆಮರದ ಕಡೆ ಹೋಗುವುದು ಕಂಡಿತು. ಮೊಲದ ಸಾರು ಮಂಡಿನೋವಿಗೆ ಒಳ್ಳೆಯದೆಂದು ಅವರು ಅರಳಿಕಟ್ಟೆಯಲ್ಲಿ ಮೂರು ದಿನದಿಂದ ಹೇಳುತ್ತಿದ್ದರು. ಹಿಂದಿನ ಖಾನೆಗೆ ಬೀಗವಿತ್ತು, ಸೊಪ್ಪು ಹಾಕಲೆಂದು ಅದರ ಕೀಲಿಯನ್ನು ಗೌಸ್ ಅವರು ಅರ್ಜಿದಾರಳಿಗೆ ಕೊಟ್ಟಿದ್ದರು. ಮುಂದಿನ ಬಾಗಿಲು ಚಿರತೆಗೆಂದು ತೆರೆದೇ ಇತ್ತು. ಅವರು ಅದರಲ್ಲಿ ಬಗ್ಗಿ ಹೊಕ್ಕು, ಕಂಬಿಯ ಸಂದಿಯಲ್ಲಿ ಕೈ ತೂರಿಸಿ ಹಿಂದಿನ ಬಲೆ ಸರಿಸಲು ಇನ್ನೊಂದು ಹೆಜ್ಜೆ ಮುಂದಿಟ್ಟರು. ಅಲ್ಲಿ ಹಲಗೆ ಇರುತ್ತದೆ, ತುಳಿದರೆ ಬಾಗಿಲು ಬೀಳುತ್ತದೆ ಎಂದು ಇಡೀ ಊರಿಗೆ ಗೌಸ್ ಅವರು ತೋರಿಸಿಕೊಟ್ಟಿದ್ದರು. ಅವತ್ತು ಮುಂದೆ ನಿಂತು, ‘ಎಲ್ಲಾರೂ ಸರ್ಯಾಗ್ ನೋಡ್ಕಳಿ’ ಎಂದು ಜನರಿಗೆ ಹೇಳಿದವರೇ ದಾಸಪ್ಪನವರು.

ಬಾಗಿಲು ಬಿತ್ತು. ಅರ್ಜಿದಾರಳು ಓಡಿಹೋಗಿ ಬೋನಿನ ಮುಂದೆ ನಿಂತಳು.

“ಲೇ ಮಗಾ, ಏನ್ ನೋಡ್ತಾ ನಿಂತಿದೀಯೇ? ಬಾಗ್ಲು ಎತ್ತು!”

ಎತ್ತಲು ನೋಡಿದಳು. ಕದಲಲಿಲ್ಲ. ಬಿದ್ದ ಕೂಡಲೇ ಅದಕ್ಕೆ ಅದೇ ಕೊಂಡಿ ಹಾಕಿಕೊಳ್ಳುತ್ತದೆ, ಆ ಕೊಂಡಿಯ ಕೀಲಿ ಗೌಸ್ ಅವರ ಬಳಿ.

“ಹಂಗಾರೆ ಆ ಗೌಸ್‌ಗೆ ಫೋನ್ ಮಾಡು. ಬ್ಯಾರೆ ಯಾರ್ಗೂ ಹೇಳ್ಬ್ಯಾಡ. ನನ್ ಹೆಸ್ರು ಎತ್ತೀಯ, ಹುಷಾರ್!”

ಅರ್ಜಿದಾರಳು ಇಸ್ಮತ್ ಹೊರತು ಬೇರೆ ಯಾರಿಗೂ ಫೋನ್ ಮಾಡಿದವಳಲ್ಲ. ಮಾಡಿದಳು. ಮಾತುಕತೆ ಯಥಾವತ್ತಾಗಿ ಹೀಗಿದೆ:

“ಗೌಸಣ್ಣ, ಬೋನಿನ ಬಾಗ್ಲು ಬಿದ್ದೈತೆ.”

“ಯಾ ಅಲ್ಲಾ! ಒಳಗೈತಾ? ಗಂಡಾ, ಹೆಣ್ಣಾ?”

“ಗಂಡು.”

“ದೊಡ್ಡದಾ, ಮರೀನಾ?”

“ವಯಸ್ಸಾಗೈತೆ.”

“ಗಾಯ ಗೀಯ?”

“ಇಲ್ಲ. ಒಂದೇ ಸಮ್ನೆ ಕೂಗಾಟ.”

“ಹತ್ರ ಹೋಗ್ಬ್ಯಾಡ ತಾಯಿ! ದೂರ ನಿಂತ್ಕೋ! ಈಗ್ಲೇ ಸಾಹೇಬ್ರಿಗೆ ಹೇಳ್ತೀನಿ!”

ಮೇಲ್ಕಂಡ ಉತ್ತರಗಳೆಲ್ಲವೂ ಸತ್ಯವೆಂದು ಅರ್ಜಿದಾರಳು ಈ ಮೂಲಕ ದೃಢೀಕರಿಸುತ್ತಾಳೆ. ಇನ್ನೂ ಒಂದು ಮಾತು ಹೇಳುವುದಿತ್ತು. ಅದು ಗಂಟಲವರೆಗೆ ಬಂದು ಕೂತಿತು (ಅಂಶ 1 ನೋಡುವುದು). ಅಷ್ಟರಲ್ಲಿ ಅವರು ಫೋನ್ ಇಟ್ಟರು.

ಮುಂದಿನದು ತಾವೇ ಕಂಡದ್ದು. ಜೀಪು ಬಂತು. ಅರಿವಳಿಕೆ ಕೋವಿ ಹಿಡಿದು ಡಾಕ್ಟರು ಬಂದರು. ಬಲೆ ಬಂತು. ಸುತ್ತಲಿನ ನಾಲ್ಕು ಊರಿನ ಜನ ಮೊಬೈಲು ಮೇಲೆತ್ತಿ ಹಿಡಿದು ಬಂದರು. ದಾಸಪ್ಪನವರು ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದರು. ಅಜ್ಜಿ ಅಂಕಮ್ಮನವರು ಜನರನ್ನು ಸರಿಸಿಕೊಂಡು ಮುಂದೆ ಬಂದು, ಬಗ್ಗಿ ನೋಡಿ, “ದಾಸಾ, ಹೊಟ್ಟೆಗೇನಾರ ತಿಂದ್ಕೊಂಡ್ ಬಂದ್ಯೇನ್ಲಾ, ಇಲ್ಲಾ ಮೊಲಾನೇ ನಂಬ್ಕೊಂಡ್ ಬಂದ್ಯಾ?” ಎಂದು ಕೇಳಿದರು. ಬೋನು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರಿಶೀಲಿಸಲು ಬಂದೆನೆಂದು ದಾಸಪ್ಪನವರು ಟವೆಲ್ಲಿನೊಳಗಿಂದ ತಮಗೆ ಹೇಳಿಕೆ ಕೊಟ್ಟರು. ತಾವು ಒಂದು ಮಾತೂ ಆಡದೆ ರಿಜಿಸ್ಟರಿನಲ್ಲಿ ‘ಸೆರೆ: ಇಲ್ಲ’ ಎಂದು ಬರೆದದ್ದನ್ನು ಅರ್ಜಿದಾರಳು ನೋಡಿದಳು. ಅವತ್ತಿನಿಂದ ತಮ್ಮ ಮೇಲೆ ಗೌರವ.

ಸರ್ಕಾರಿ ಜೀಪು ಸುಮ್ಮನೆ ಓಡಾಡಿದ್ದಕ್ಕೆ ಅರ್ಜಿದಾರಳು ಕ್ಷಮೆ ಕೋರುತ್ತಾಳೆ. ಉಲ್ಲೇಖ 1ರ ಮನವಿಯಲ್ಲಿ ‘ಬೋನಿನಿಂದ ಸಾರ್ವಜನಿಕರಿಗೆ ಅಪಾಯವಿದೆ’ ಎಂದಿದೆಯಂತೆ. ಆ ಸಾರ್ವಜನಿಕರು ಯಾರೆಂದು ತಮಗೆ ತಿಳಿದಿದೆ.

9. ಜನವರಿ ಮೂರನೇ ತಾರೀಕು ಆ ಚಿರತೆ ಗುಡ್ಡದ ಆಚೆ ಬದಿಯ ಇನ್ನೊಂದು ಬೋನಿಗೆ ಬಿತ್ತು. ಊರಿನಲ್ಲಿ ಪಟಾಕಿ ಹೊಡೆದರು. ಅರ್ಜಿದಾರಳು ಮಾತ್ರ ಮಂಕಾದಳು. ಅವತ್ತೇ ಬೆಳಿಗ್ಗೆ ಹೆಣ್ಣು ಮೊಲದ ಹೊಟ್ಟೆ ಮುಟ್ಟಿ ನೋಡಿದ್ದಳು. ಒಳಗೆ ಅಲುಗುತ್ತಿತ್ತು.

ಚಿರತೆ ಇಲ್ಲದ ಕಡೆ ಬೋನು ಇಡುವುದಿಲ್ಲ, ಇದನ್ನು ಈಗ ಚಿರತೆ ಕಾಟವಿರುವ ದೊಡ್ಡಆಲಹಳ್ಳಿ ಕಡೆ ಕಳಿಸುತ್ತಾರೆ ಎಂದು ಗೌಸ್ ಅವರು ತಿಳಿಸಿದರು. ಅರ್ಜಿದಾರಳು ಎರಡು ದಿನ ಯೋಚಿಸಿ ಒಂದು ತಪ್ಪು ಮಾಡಿದಳು. ಅದನ್ನು ಇಲ್ಲಿ ಮುಚ್ಚಿಡದೆ ಬರೆಯುತ್ತಾಳೆ.

ಡಿಸೆಂಬರ್ ಹದಿಮೂರನೇ ತಾರೀಕು ಕಂಡಿದ್ದ ಹೆಜ್ಜೆಯ ಚಿತ್ರ ಬರೆದು ಇಸ್ಮತ್‌ಗೆ ಫೋನಿನಲ್ಲಿ ಕಳಿಸಿದಳು. ಕೆಳಗೆ ದೊಡ್ಡ ಅಂಗಾಲು, ಮೇಲೆ ನಾಲ್ಕು ಬೆರಳು. ಇಸ್ಮತ್ ಏನು, ಏಕೆ ಎಂದು ಕೇಳಲಿಲ್ಲ. ಹಿಂದೆಯೂ ಅವಳು ಕೇಳದೆಯೇ ‘ಎಸ್ ಸಾರ್’ ಎಂದವಳು. ಹಾಲೆ ಮರದ ಐದು ತುಂಡುಗಳನ್ನು ಲೇತಿನ ಮೇಲೆ ಕಡೆದು, ಹಿಡಿಯೊಂದಕ್ಕೆ ಕೂರಿಸಿ, ಮಾರನೇ ದಿನದ ಬಸ್ಸಿನಲ್ಲಿ ಕಳಿಸಿದಳು. ಅರಗು ಹಾಕಿ ಪಾಲಿಶ್ ಮಾಡದ ಒಂದು ತುಂಡೂ ಕಾರ್ಖಾನೆಯಿಂದ ಹೊರಗೆ ಹೋಗಬಾರದೆಂದು ಅವಳ ಚಿಕ್ಕಪ್ಪನ ಕಟ್ಟಪ್ಪಣೆ. ಆದಕಾರಣ ಚಿರತೆಯ ಪಾದ ಕೆಂಪು, ಬೆರಳುಗಳು ಹಳದಿ. ಮುಖ ನೋಡಿಕೊಳ್ಳುವಷ್ಟು ಹೊಳಪು.

ಬುಧವಾರ ನಸುಕಿನಲ್ಲಿ ಅರ್ಜಿದಾರಳು ಬೋನಿನ ಸುತ್ತ ನೆಲಕ್ಕೆ ನೀರು ಚಿಮುಕಿಸಿ, ಹನ್ನೆರಡು ಹೆಜ್ಜೆ ಒತ್ತಿದಳು.

10. ಎಂಟು ಗಂಟೆಗೆ ಗೌಸ್ ಅವರು ಬಂದರು. ಹೆಜ್ಜೆ ನೋಡಿ ಕುಕ್ಕರುಗಾಲಲ್ಲಿ ಕೂತರು. ಜೇಬಿನಿಂದ ಟೇಪು ತೆಗೆದು ಉದ್ದ ಅಳೆದರು. ಅಡ್ಡ ಅಳೆದರು. ಎರಡೂ ಒಂದೇ ಬಂತು. ಇನ್ನೊಂದು ಹೆಜ್ಜೆ ಅಳೆದರು. ಅದೂ ಒಂದೇ ಬಂತು. ಅರ್ಜಿದಾರಳು ಸೊಪ್ಪಿನ ಮಂಕರಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

“ನಯನಮ್ಮ, ಈ ಚಿರತೆಗೆ ನಾಕೂ ಕಾಲೂ ಒಂದೇ ತರ ಐತೆ. ಹಿಂದಿಂದೂ ಇಲ್ಲ, ಮುಂದಿಂದೂ ಇಲ್ಲ. ಒಂದೇ ಕಾಲಲ್ಲಿ ಕುಂಟಾಬಿಲ್ಲೆ ಆಡ್ಕೊಂಡ್ ಹೋಗೈತೆ.”

ಅರ್ಜಿದಾರಳು ಮಂಕರಿಯ ಮೇಲಿನ ಸೊಪ್ಪನ್ನು ಸರಿಮಾಡಿದಳು.

“ಅದ್ ಹೋಗ್ಲಿ. ದೇವ್ರು ಮಾಡಿದ್ ಕಾಲು ಇಷ್ಟ್ ರೌಂಡಾಗಿ ಇರಕಿಲ್ಲ ಕಣಮ್ಮ. ಬಳೆ ಇಟ್ಟಂಗೈತೆ. ನಮ್ಮಪ್ಪ ಮೂವತ್ ವರ್ಸ ಚನ್ನಪಟ್ಣದಲ್ಲಿ ಲೇತ್ ಮುಂದೆ ಕುಂತಿದ್ದೋನು. ಲೇತಲ್ಲಿ ಏನ್ ಕಡುದ್ರೂ ರೌಂಡೇ ಬರೋದು, ಆನೆ ಮಾಡುದ್ರೂ ರೌಂಡೇ, ಮೇಷ್ಟ್ರು ಮಾಡುದ್ರೂ ರೌಂಡೇ. ಎಲ್ಲೈತೆ, ಕೊಡು ಇತ್ಲಾಗೆ.”

ಮಂಕರಿಯಲ್ಲಿ ಸೊಪ್ಪಿನ ಕೆಳಗಿತ್ತು. ತೆಗೆದು ಕೊಟ್ಟಳು. ಅವರು ತಿರುಗಿಸಿ ತಿರುಗಿಸಿ ನೋಡಿ, ಹೆಬ್ಬೆರಳಿನಿಂದ ಒರೆಸಿ, “ಕೆಲ್ಸ ಚೆನ್ನಾಗೈತೆ. ಯಾರ್ ಮಾಡಿದ್ದು?” ಎಂದರು. ಆಮೇಲೆ ಬೋನಿನ ಹಿಂದೆ ಹೋಗಿ ತಾಟು ಸರಿಸಿ ನೋಡಿದರು. ಹೆಣ್ಣು ಮೊಲ ತನ್ನ ಎದೆಯ ತುಪ್ಪಳವನ್ನು ತಾನೇ ಬಾಯಿಂದ ಕಿತ್ತು ಮೂಲೆಯಲ್ಲಿ ಹಾಸುತ್ತಿತ್ತು. ಹೆರಿಗೆ ಹತ್ತಿರ ಬಂದಾಗ ಅವು ಹಾಗೆ ಮಾಡುತ್ತವೆ. ಮರಿಗಳಿಗೆ ಹೊದಿಕೆ ಬೇಕಲ್ಲ, ಅದಕ್ಕೆ.

ಗೌಸ್ ಅವರು ತಾಟನ್ನು ಮೊದಲಿನಂತೆ ಮುಚ್ಚಿದರು. ಎದ್ದು ಬಂದು ಕಾಲಿನಿಂದ ಹನ್ನೆರಡು ಹೆಜ್ಜೆಗಳನ್ನೂ ಅಳಿಸಿದರು.

“ಸುಳ್ ಹೆಜ್ಜೆ ಇಟ್ರೆ ನನ್ ಕೆಲ್ಸ ಹೋಯ್ತದೆ. ನಿಜಾನೇ ಬರ್ಕೊಡು, ಸಾಹೇಬ್ರಿಗೆ ನಾನೇ ಕೊಡ್ತೀನಿ. ಬಾಯಲ್ ಹೇಳಕ್ಕಾಗ್ದಿದ್ರೆ ಏನಂತೆ, ಕೈಲಿ ಬರೆಯಕ್ ಬತ್ತದಲ್ಲ?”

ಆದ್ದರಿಂದ ಈ ಅರ್ಜಿ.

11. ಈ ಅಂಶವನ್ನು ಸೇರಿಸಲೇಬೇಕೆಂದು ಅಜ್ಜಿ ಅಂಕಮ್ಮನವರು ಪಕ್ಕದಲ್ಲಿ ಕೂತು ಹೇಳಿಸಿರುತ್ತಾರೆ: “ನಮ್ ಮಗ ಹುಟ್ಟಿದಾಗಿಂದ ಯಾರನ್ನೂ ಒಂದ್ ಲೋಟ ನೀರೂ ಕೇಳಿದೋಳಲ್ಲ ಸ್ವಾಮಿ. ಇದೇ ಮೊದ್ಲು. ಇಲ್ಲ ಅಂದ್ರೆ ಇನ್ ಕೇಳಕಿಲ್ಲ. ಆಮೇಲೆ, ನನ್ ಸೀರೆ ಬೋನಲ್ಲೈತೆ, ಅದು ಸರ್ಕಾರದ್ದಲ್ಲ.”

ದೊಡ್ಡಆಲಹಳ್ಳಿ ಕಡೆಯ ಮೇಕೆಗಳಿಗೂ ಜೀವವಿದೆ ಎಂಬುದು ಅರ್ಜಿದಾರಳಿಗೆ ಗೊತ್ತು. ಈ ಸಾಲು ಬರೆಯುವ ಮುಂಚೆ ಒಂದು ಪೂರ್ತಿ ಬೆಳಿಗ್ಗೆ ಪೆನ್ನು ಹಿಡಿದು ಸುಮ್ಮನೆ ಕೂತಿದ್ದಳು. ಅಲ್ಲಿಯೂ ಯಾರಾದರೂ ಬೆಳಿಗ್ಗೆ ಎದ್ದು ಖಾಲಿ ಸರಪಳಿ ನೋಡುತ್ತಿರಬಹುದು. ಗುಡ್ಡದ ಆಚೆಯ ಬೋನು ಈಗ ಖಾಲಿಯಿದೆ ಎಂದು ಕೇಳಿಬಲ್ಲಳು. ಅದನ್ನು ಮೊದಲು ಅಲ್ಲಿಗೆ ಕಳಿಸಲು ಸಾಧ್ಯವೇ ಎಂದು ತಾವು ಯೋಚಿಸಬೇಕು. ಅದರೊಳಗೆ ಯಾರೂ ಸಂಸಾರ ಹೂಡಿಲ್ಲ.

ಆದಕಾರಣ, ಮೇಲ್ಕಂಡ ಎಲ್ಲಾ ಕಾರಣಗಳಿಂದ, ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ:

ಅ) ಮರಿಗಳು ಕಣ್ಣು ಬಿಟ್ಟು, ಮೈತುಂಬ ಕೂದಲು ಬಂದು, ತಾವಾಗಿ ಸೊಪ್ಪು ಕಚ್ಚುವವರೆಗೆ, ಅಂದರೆ 31-01-2026ರವರೆಗೆ, ಸದರಿ ಬೋನನ್ನು ಇದ್ದಲ್ಲಿಯೇ ಬಿಡುವುದು.

ಆ) ಬೋನು ಇರಬೇಕಾದರೆ ಚಿರತೆ ಇರಲೇಬೇಕೆಂಬುದು ನಿಯಮವಾಗಿದ್ದಲ್ಲಿ, ಹಿಡಿದ ಚಿರತೆಯನ್ನು 31ನೇ ತಾರೀಕಿನವರೆಗೆ ಮಾತ್ರ ವಾಪಸು ಕಳಿಸಿಕೊಡುವುದು. ಊರಿನಲ್ಲಿ ಈಗ ನಾಯಿಗಳಿಲ್ಲವಾದ್ದರಿಂದ ಅದರ ಊಟದ ವ್ಯವಸ್ಥೆ ಇಲಾಖೆಯದೇ ಆಗಿರುತ್ತದೆ.

ಇ) ಅಲ್ಲಿಯವರೆಗೆ ಮುಂದಿನ ಬಾಗಿಲನ್ನು ಎತ್ತಿಯೇ ಇಟ್ಟಿರುವುದು. ದಾಸಪ್ಪ ದೊಡ್ಡಪ್ಪನವರ ಮಂಡಿನೋವು ಇನ್ನೂ ವಾಸಿಯಾಗಿಲ್ಲ.

ಈ) ಈ ಬಗ್ಗೆ ವಿಚಾರಣೆಗೆ ಅರ್ಜಿದಾರಳನ್ನು ಕಚೇರಿಗೆ ಕರೆದರೆ ತಪ್ಪದೆ ಬರುತ್ತಾಳೆ. ಆದರೆ ಹೆಸರು ಕೂಗಿದಾಗ ಉತ್ತರ ಬರಲಿಲ್ಲವೆಂದು ಗೈರುಹಾಜರಿ ಹಾಕಬಾರದು. ದಯವಿಟ್ಟು ಪುಸ್ತಕದಿಂದ ತಲೆ ಎತ್ತಿ ಒಮ್ಮೆ ನೋಡುವುದು. ಬಾಗಿಲ ಪಕ್ಕ ನಿಂತಿರುತ್ತಾಳೆ.

ಇಂತಿ ತಮ್ಮ ಮೇಲೆಯೂ ತಮ್ಮ ಬೋನಿನ ಮೇಲೆಯೂ ವಿಶ್ವಾಸವಿಟ್ಟಿರುವ,
ನಯನಾ (ರುಜು)

ಸ್ಥಳ: ಬಾಳೆಕಟ್ಟೆದೊಡ್ಡಿ, ಹುಣಸೆಮರದ ಕೆಳಗೆ
ದಿನಾಂಕ: 09-01-2026

ಲಗತ್ತುಗಳು:
1. ಚಿರತೆಯ ಪಾದ, ಒಂದು. ಮರದ್ದು. ಕೆಂಪು ಮತ್ತು ಹಳದಿ. (ಇದನ್ನು ಮಾಡಿದವಳ ಮೇಲೆ ಕ್ರಮ ಕೈಗೊಳ್ಳಬಾರದು. ಅವಳು ಯಾವತ್ತೂ ಅರ್ಜಿದಾರಳ ಪರವಾಗಿಯೇ ತಪ್ಪು ಮಾಡಿರುತ್ತಾಳೆ.)
2. ಬೋನಿನ ಒಳಗಿನ ಮತ್ತು ಹೊರಗಿನ ಉಷ್ಣತೆಯ ಪಟ್ಟಿ, ಇಪ್ಪತ್ತು ದಿನಗಳದ್ದು. (ಅಪ್ಪನಿಗೆ ತೋರಿಸಬಾರದು.)
3. ಹೆಣ್ಣು ಮೊಲ ಎದೆಯಿಂದ ಕಿತ್ತ ತುಪ್ಪಳ, ಒಂದು ಚಿಟಿಕೆ. (ನೋಡಿದ ಕೂಡಲೇ ಗೌಸ್ ಅವರ ಕೈಯಲ್ಲಿ ವಾಪಸು ಕಳಿಸುವುದು. ಅದಕ್ಕೆ ಬೇಕಾಗುತ್ತದೆ.)

ವಿಶೇಷ ಸೂಚನೆ, ದಿನಾಂಕ 10-01-2026, ಬೆಳಿಗ್ಗೆ ಏಳು ಗಂಟೆ: ಗೌಸ್ ಅವರು ಅರ್ಜಿ ಒಯ್ಯಲು ಬರುವಷ್ಟರಲ್ಲಿ ಸೇರಿಸಲಾದದ್ದು. ಹೆಣ್ಣು ಮೊಲಕ್ಕೆ ಹೆರಿಗೆಯಾಗಿದೆ. ಗಂಡು ಮೊಲವನ್ನು ಹಲಗೆ ಹಾಕಿ ಬೇರೆ ಮಾಡಲಾಗಿದೆ. ಹೊರಗೆ ಹದಿಮೂರು, ಒಳಗೆ ಇಪ್ಪತ್ತೆರಡು. ಅರ್ಜಿದಾರಳು ತಾಟು ಸರಿಸಿ, ತುಪ್ಪಳದ ಮೇಲೆ ಬೆರಳಿಟ್ಟು, ಒಂದೊಂದನ್ನೇ ಲೆಕ್ಕ ಹಾಕಿ ಹಾಜರಿ ತೆಗೆದುಕೊಂಡಳು. ಯಾರೂ ಬಾಯಿ ಬಿಡಲಿಲ್ಲ. ಐದೂ ಹಾಜರ್ ಎಂದು ಬರೆದುಕೊಳ್ಳಲಾಗಿದೆ.

ಆದ್ದರಿಂದ ಮೇಲಿನ ಅರ್ಜಿಯ ಮೊದಲಲ್ಲಿ ‘ಎರಡು ಮೊಲಗಳು’ ಎಂದು ಇರುವುದನ್ನು ‘ಏಳು’ ಎಂದು ತಿದ್ದಿ ಓದಿಕೊಳ್ಳಬೇಕಾಗಿ ಕೋರಿಕೆ.